ಅವರು ಹೇಳ್ದಂಗೆ ಮಾಡಿ ಸಾರ್

ಪದ್ಮನಾಭನಗರದ ಒಂದು ಟ್ಯೂಷನ್ ಸೆಂಟರಿನಲ್ಲಿ ಏಳನೇ ತರಗತಿಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದ ಸುನಿತಾ ನಿರ್ದೇಶಕಿಯಾದದ್ದು ಒಂದು ಗ್ರೂಪ್ ಫೋಟೋದ ದೆಸೆಯಿಂದ. ವರ್ಷದ ಕೊನೆಯಲ್ಲಿ ಸೆಂಟರಿನವರು ನಲವತ್ತೆರಡು ಮಕ್ಕಳನ್ನು ಮಹಡಿಯ ಮೇಲೆ ಮೂರು ಸಾಲಾಗಿ ನಿಲ್ಲಿಸಿ, ಬನಶಂಕರಿಯಿಂದ ಶಶಿಕಾಂತ್ ಎಂಬ ಫೋಟೋಗ್ರಾಫರನ್ನು ಕರೆಸಿದ್ದರು. ಶಶಿಕಾಂತ್ ಕೆಲಸದಲ್ಲಿ ಪಳಗಿದವನು. ಬೆಳಕು ಯಾವ ಕಡೆಯಿಂದ ಬೀಳುತ್ತದೆ, ಎಲ್ಲಿ ನಿಂತರೆ ಹಿಂದಿನ ನೀರಿನ ಟ್ಯಾಂಕ್ ಕಾಣುವುದಿಲ್ಲ ಎಂಬುದೆಲ್ಲ ಅವನಿಗೆ ಗೊತ್ತು. ಮನುಷ್ಯರ ಜೊತೆ ಮಾತಾಡುವುದು ಮಾತ್ರ ಗೊತ್ತಿರಲಿಲ್ಲ. "ಸ್ವಲ್ಪ ಈ ಕಡೆ ನೋಡ್ತೀರಾ? ಆಗಲ್ಲ ಅಂದ್ರೆ ಪರವಾಗಿಲ್ಲ, ಬಿಡಿ" ಎಂದು ಹನ್ನೆರಡು ವರ್ಷದ ಮಕ್ಕಳಿಗೆ ಬಹುವಚನದಲ್ಲಿ ಬೇಡಿಕೊಳ್ಳುತ್ತಿದ್ದ. ಮಕ್ಕಳಿಗೆ ಆಗಲಿಲ್ಲ. ಹಾಗೆ ಅರ್ಧ ಗಂಟೆ ಕಳೆಯಿತು.

ಹಿಂದೆ ನಿಂತು ನೋಡುತ್ತಿದ್ದ ಸುನಿತಾಳ ತಾಳ್ಮೆ ಮುಗಿಯಿತು.

"ಎರಡನೇ ಸಾಲು, ಕೈ ಕೆಳಗೆ. ಕೊನೇಲಿರೋನು, ಪಕ್ಕದವನ ತಲೆ ಮೇಲೆ ಕೊಂಬು ಇಡ್ಬೇಡ. ಈಗ ಎಲ್ರೂ ಕಣ್ಣು ಮುಚ್ಚಿ. ಮೂರು ಅಂದಾಗ ಬಿಡಿ. ಒಂದು, ಎರಡು, ಮೂರು!"

ಶಶಿಕಾಂತ್ ಒಂದೇ ಸಲ ಒತ್ತಿದ. ಕ್ಯಾಮೆರಾದ ಪರದೆಯಲ್ಲಿ ನಲವತ್ತೆರಡು ಜೊತೆ ಕಣ್ಣುಗಳೂ ಅಗಲವಾಗಿ ತೆರೆದಿದ್ದವು. ಅವನು ಪರದೆಯನ್ನು ನೋಡಿದ, ಸುನಿತಾಳನ್ನು ನೋಡಿದ, ಮತ್ತೆ ಪರದೆಯನ್ನು ನೋಡಿದ.

"ಮೇಡಂ, ನಾಳೆ ಜಯನಗರದಲ್ಲಿ ಒಂದು ನಾಮಕರಣ ಇದೆ. ನೀವು ಬರ್ತೀರಾ?"

ಅವನ ಮಟ್ಟಿಗೆ ಅದು ಬಹಳ ಉದ್ದದ ಮಾತು. ಸುನಿತಾ ಹೋದಳು. ಆ ನಾಮಕರಣದಲ್ಲಿ ಅಳುತ್ತಿದ್ದ ಮಗುವನ್ನೂ, ಅದಕ್ಕಿಂತ ಜೋರಾಗಿ ಹೆಸರಿನ ವಿಷಯಕ್ಕೆ ಜಗಳವಾಡುತ್ತಿದ್ದ ಎರಡೂ ಕಡೆಯ ಅಜ್ಜಿಯರನ್ನೂ ಅವಳು ಒಂದೇ ಚೌಕಟ್ಟಿನೊಳಗೆ ನಗುವಂತೆ ಕೂರಿಸಿದಳು. ಒಂದು ವರ್ಷದ ಮೇಲೆ ಇಬ್ಬರೂ ಮದುವೆಯಾದರು. ಹರಿಹರದ ಕಡೆಯಿಂದ ಬಂದು ಇಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅವಳ ತಂದೆ ಮರುಳಸಿದ್ದಪ್ಪನವರಿಗೆ ಒಂದೇ ಅಳುಕಿತ್ತು. "ಹುಡುಗ ಮಾತೇ ಆಡಲ್ವಲ್ಲಮ್ಮ?" ಎಂದರು. "ಅದಕ್ಕೇ ಒಪ್ಪಿದ್ದು ಅಪ್ಪಾಜಿ" ಎಂದಳು ಸುನಿತಾ.

ಬನಶಂಕರಿ ಎರಡನೇ ಹಂತದಲ್ಲಿ, ಒಂದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಸ್ಟುಡಿಯೋ. ಆರು ವರ್ಷಗಳಿಂದ ಮದುವೆಗೆ ಮುಂಚಿನ ಫೋಟೋ, ಸೀರೆ ಅಂಗಡಿಯ ಜಾಹೀರಾತು, ಹಲ್ಲಿನ ಆಸ್ಪತ್ರೆಯ ಕಿರುಚಿತ್ರ, ಹೀಗೆ ಬಂದ ಕೆಲಸವನ್ನೆಲ್ಲ ಇಬ್ಬರೂ ಸೇರಿ ಮಾಡುತ್ತಿದ್ದಾರೆ. ಅವನದು ಕ್ಯಾಮೆರಾ, ಬೆಳಕು. ಅವಳದು ಯಾರು ಎಲ್ಲಿ ನಿಲ್ಲಬೇಕು, ಏನು ಮಾಡಬೇಕು, ಯಾಕೆ ಮಾಡಬೇಕು ಎಂಬ ಉಳಿದ ಸಮಸ್ತ ವಿಷಯ. ಜನಕ್ಕೆ ಮಾತ್ರ ಈ ಏರ್ಪಾಡು ಅರ್ಥವಾಗಲು ಹೊತ್ತು ಹಿಡಿಯುತ್ತಿತ್ತು. ಬೆಳಕನ್ನು ಮುಖದ ಕಡೆ ತಿರುಗಿಸುವ ಹಲಗೆ ಹಿಡಿದು ನಿಂತ ಅವಳನ್ನು ಸಹಾಯಕ್ಕೆ ಬಂದವಳು ಎಂದುಕೊಳ್ಳುತ್ತಿದ್ದರು. ಒಬ್ಬ ಮದುಮಗನಂತೂ, "ಅಕ್ಕ, ನೀವು ಸ್ವಲ್ಪ ಸೈಡಿಗೆ ಬನ್ನಿ, ಫೋಟೋಗ್ರಾಫರ್ ಹೇಳ್ಲಿ" ಎಂದುಬಿಟ್ಟ. ಎಲ್ಲರೂ ಫೋಟೋಗ್ರಾಫರನ ಕಡೆ ತಿರುಗಿದರು. ಶಶಿಕಾಂತ್ ಅರ್ಧ ನಿಮಿಷ ಲೆನ್ಸ್ ಒರೆಸಿ, ಕೊನೆಗೆ ಹೇಳಿದ:

"ಅವರು ಹೇಳ್ದಂಗೆ ಮಾಡಿ ಸಾರ್."

ಮನೆಯಲ್ಲಿ ಅತ್ತೆ ಕಮಲಾದೇವಿ ನೆಂಟರಿಗೆ ಹೇಳುತ್ತಿದ್ದದ್ದು ಬೇರೆ ಥರ. "ನಮ್ಮ ಶಶಿ ಡೈರೆಕ್ಟರು. ಸೊಸೆ ಜೊತೆಗೆ ಹೋಗಿ ಬರ್ತಾಳೆ." ಸುನಿತಾ ತಿದ್ದಲು ಹೋಗಲಿಲ್ಲ. ಅತ್ತೆಯನ್ನು ನಿರ್ದೇಶಿಸುವುದು ತನ್ನ ಕೈಲಾಗದ ಕೆಲಸ ಎಂದು ಮೊದಲ ತಿಂಗಳಲ್ಲೇ ಅವಳು ಕಂಡುಕೊಂಡಿದ್ದಳು.

ಗಂಡ ಹೆಂಡತಿ ಗಿರಾಕಿಗಳ ಮುಂದೆ ಜಗಳವಾಡಬಾರದೆಂದು ಒಂದು ಸಂಕೇತ ಮಾಡಿಕೊಂಡಿದ್ದರು. ಇಬ್ಬರಲ್ಲಿ ಯಾರಿಗಾದರೂ ಇನ್ನೊಬ್ಬರು ಮಾಡುತ್ತಿರುವುದು ಶುದ್ಧ ತಪ್ಪು ಅನ್ನಿಸಿದರೆ "ಬ್ಯಾಟರಿ ಚೆಕ್ ಮಾಡ್ಬೇಕು" ಅನ್ನುವುದು. ಆಮೇಲೆ ಇಬ್ಬರೂ ಮೂಲೆಗೆ ಹೋಗಿ ಪಿಸುಮಾತಿನಲ್ಲಿ ಜಗಳ ಮುಗಿಸಿ, ನಗುನಗುತ್ತಾ ಬರುವುದು. ಇವರ ಬ್ಯಾಟರಿ ಯಾಕೆ ಇಷ್ಟು ಸಲ ಕೆಡುತ್ತದೆ ಎಂದು ಎಷ್ಟೋ ಗಿರಾಕಿಗಳು ಅನುಮಾನಪಟ್ಟಿದ್ದಾರೆ.

ಕಳೆದ ಮಾಘದಲ್ಲಿ ಜರಗನಹಳ್ಳಿಯಿಂದ ಕೆಂಪರಾಜು ಎಂಬುವವರು ಫೋನ್ ಮಾಡಿದರು. ತಂದೆಯದು ಒಂದು ಒಳ್ಳೆಯ ಫೋಟೋ ಆಗಬೇಕು, ಎರಡು ನಿಮಿಷದ ವಿಡಿಯೋ ಕೂಡ ಬೇಕು ಎಂದರು. ಎಪ್ಪತ್ತೈದನೇ ಹುಟ್ಟುಹಬ್ಬ ಇರಬೇಕು ಎಂದುಕೊಂಡು ಇಬ್ಬರೂ ಹೋದರು. ಕನಕಪುರ ರಸ್ತೆಯಿಂದ ಒಳಗೆ, ನಾಲ್ಕು ಅಂತಸ್ತಿನ ಬಾಡಿಗೆ ಮನೆಗಳ ನಡುವೆ ಒಂದು ಹೆಂಚಿನ ಜಗಲಿಯನ್ನು ಹಾಗೇ ಉಳಿಸಿಕೊಂಡಿದ್ದ ಮನೆ. ಜಗಲಿಯ ಮೇಲೆ ಕೂತಿದ್ದ ಚಿಕ್ಕಬೈರಪ್ಪನವರು ಕಟ್ಟುಮಸ್ತಾದ ಆಳು. ಮೀಸೆ ಮಾತ್ರ ಪೂರ್ತಿ ಬೆಳ್ಳಗಾಗಿತ್ತು. ಹುಟ್ಟುಹಬ್ಬ ಯಾವತ್ತು ಎಂದು ಸುನಿತಾ ಕೇಳಿದಳು.

"ಹುಟ್ಟಬ್ಬ ಎಲ್ಲಾ ಅಲ್ಲ ಕಣವ್ವ" ಎಂದರು. "ನಾನು ಹೋದ್ಮೇಲೆ ಗೋಡೇಗೆ ಹಾಕ್ತಾರಲ್ಲ, ಆ ಫೋಟೋ."

ಶಶಿಕಾಂತ್ ಕೈಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟ.

ಚಿಕ್ಕಬೈರಪ್ಪ ಎದ್ದು ನಡುಮನೆಗೆ ಕರೆದುಕೊಂಡು ಹೋಗಿ ಗೋಡೆಯ ಮೇಲಿದ್ದ ತಮ್ಮ ತಂದೆಯ ಫೋಟೋ ತೋರಿಸಿದರು. ಹಾರ ಹಾಕಿದ್ದ ಆ ಚಿತ್ರದಲ್ಲಿ ಕೋಟು ತೊಟ್ಟ ಒಬ್ಬರು ಎತ್ತಲೋ ನೋಡುತ್ತಿದ್ದರು. ಅವರ ಎಡಭುಜದ ಮೇಲೆ ಒಂದು ಕೈ ಇತ್ತು. ಕೈಯ ಹಿಂದೆ ಯಾರೂ ಇರಲಿಲ್ಲ.

"ನಮ್ಮಪ್ಪ ಬದುಕಿರೋಗಂಟ ಒಂದ್ ಫೋಟೋ ತೆಗ್ಸಿರ್ಲಿಲ್ಲ. ಯಾರ್ದೋ ಮದ್ವೇಲಿ ನಿಂತಿದ್ದ ಫೋಟೋದಾಗಿಂದ ಕತ್ತರಿಸಿ, ದೊಡ್ಡದು ಮಾಡ್ಸಿ, ಕೋಟು ಬರೆಸಿದ್ರು. ನಮ್ಮಪ್ಪ ಕೋಟು ಹಾಕ್ದೋನೇ ಅಲ್ಲ. ಇನ್ನು ಆ ಕೈ ಯಾರ್ದು ಅಂತ ಇವತ್ತಿಗೂ ಗೊತ್ತಿಲ್ಲ. ವರ್ಷಾವರ್ಷ ಎಡೆ ಇಟ್ಟಾಗ ಆ ಕೈಗೂ ಪೂಜೆ ಆಯ್ತದೆ."

"ಸರಿ, ವಿಡಿಯೋ ಯಾಕೆ ಯಜಮಾನ್ರೇ?" ಎಂದು ಸುನಿತಾ ಕೇಳಿದಳು.

"ಹನ್ನೊಂದನೇ ದಿನ ಜನ ಊಟಕ್ಕೆ ಕೂತ್ಕತಾರಲ್ಲ, ಆಗ ಟಿವೀಲಿ ಹಾಕಕ್ಕೆ. ನಾನು ನಾಕು ಮಾತು ಹೇಳ್ಬೇಕು."

ಅಡುಗೆಮನೆಯಿಂದ ಅವರ ಹೆಂಡತಿ ಬೈರಮ್ಮನವರ ದನಿ ಬಂತು. "ಬದುಕಿರೋವಾಗ ಮಾತಾಡಿದ್ದು ಸಾಲ್ದು ಅಂತ."

ಮನೆಗೆ ಬಂದಾಗ ಕಮಲಾದೇವಿ ಈ ಕೆಲಸ ಬೇಡವೇ ಬೇಡ ಎಂದರು. ಬದುಕಿರುವ ಮನುಷ್ಯನ ಸತ್ತ ಫೋಟೋ ತೆಗೆಯುವುದು ಅಪಶಕುನ ಎಂದು ವಿಭೂತಿ ತಂದು ಮಗನ ಹಣೆಗೂ ಕ್ಯಾಮೆರಾ ಚೀಲಕ್ಕೂ ಹಚ್ಚಿದರು. ಶಶಿಕಾಂತನಿಗೂ ಇರಿಸುಮುರಿಸು. ಆದರೆ ಸುನಿತಾಳ ತಲೆಯಲ್ಲಿ ಆ ಯಜಮಾನನಿಲ್ಲದ ಕೈ ಕೂತುಬಿಟ್ಟಿತ್ತು. ಒಬ್ಬ ಮನುಷ್ಯ ತನ್ನ ಮುಖ ಹೇಗೆ ಉಳಿಯಬೇಕು ಎಂದು ತಾನೇ ತೀರ್ಮಾನಿಸುವುದರಲ್ಲಿ ತಪ್ಪೇನಿದೆ ಎಂಬುದು ಅವಳ ವಾದ. ಕೊನೆಗೆ ಗಂಡ ಹೆಂಡತಿ ಕೆಲಸ ಒಪ್ಪಿಕೊಂಡರು.

ಫೋಟೋ ಎಲ್ಲಿ ತೆಗೆಯಬೇಕು ಎಂಬುದನ್ನು ಚಿಕ್ಕಬೈರಪ್ಪ ಮೊದಲೇ ನಿಶ್ಚಯಿಸಿದ್ದರು. ತಾವು ರಾಗಿ ತುಳಿಸುತ್ತಿದ್ದ ಕಣದಲ್ಲಿ. ಆ ಕಣದ ಮೇಲೆ ಈಗ ಒಂದು ದೊಡ್ಡ ಅಪಾರ್ಟ್‌ಮೆಂಟಿನ ಈಜುಕೊಳವಿತ್ತು. ಈಜುಡುಗೆ ಇಲ್ಲದವರಿಗೆ ಕೊಳದ ಹತ್ತಿರ ಪ್ರವೇಶವಿಲ್ಲ, ಪಂಚೆ ಈಜುಡುಗೆಯಲ್ಲ ಎಂದು ಅಲ್ಲಿನ ನಿವಾಸಿಗಳ ಸಂಘದವರು ಹೇಳಿದರು. ಸುನಿತಾ ಮೂರು ದಿನ ಫೋನ್ ಮಾಡಿ ಮಾಡಿ, ಕೊಳದ ಸರಿಯಾಗಿ ಕೆಳಗೆ ಬರುವ ಬೇಸ್‌ಮೆಂಟಿನಲ್ಲಿ, ನೂರಾ ಹದಿನಾಲ್ಕನೇ ನಂಬರಿನ ಕಾರ್ ಜಾಗದಲ್ಲಿ, ಭಾನುವಾರ ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ಅನುಮತಿ ಪಡೆದಳು. ಆ ಜಾಗ ರಾಮಪ್ರಸಾದ ಎಂಬ ನಿವೃತ್ತ ಅಧಿಕಾರಿಯದು. ಅವರು ದೊಡ್ಡ ಮನಸ್ಸು ಮಾಡಿ ಒಂದು ಗಂಟೆಯ ಮಟ್ಟಿಗೆ ಕಾರನ್ನು ಆಚೆ ರಸ್ತೆಯಲ್ಲಿ ನಿಲ್ಲಿಸಿದ್ದರು.

ಚಿಕ್ಕಬೈರಪ್ಪ ಇಸ್ತ್ರಿ ಮಾಡಿದ ಪಂಚೆ, ಬಿಳಿ ಅಂಗಿ, ಜರಿ ಪೇಟ ಹಾಕಿಕೊಂಡು ಬಂದರು. ಶಶಿಕಾಂತ್ ದೀಪಗಳನ್ನಿಟ್ಟು ಆ ಸಿಮೆಂಟಿನ ಗುಹೆಯಲ್ಲಿ ಮುಂಜಾನೆಯ ಬಿಸಿಲು ಬಿದ್ದಹಾಗೆ ಮಾಡಿದ. ಎಲ್ಲ ಸಿದ್ಧವಾಯಿತು. ಆದರೆ ಕ್ಯಾಮೆರಾ ಕಂಡ ಕೂಡಲೇ ಚಿಕ್ಕಬೈರಪ್ಪ ಕಲ್ಲಾದರು. ಕೈ ಮೊಣಕಾಲಿಗೆ ಅಂಟಿಕೊಂಡಿತು, ಮೀಸೆ ಕೆಳಗಿಳಿಯಿತು, ಕಣ್ಣುಗಳು ರೆಪ್ಪೆ ಬಡಿಯುವುದನ್ನು ಬಿಟ್ಟವು.

"ಉಸಿರಾಡಿ ಯಜಮಾನ್ರೇ."

"ಫೋಟೋದಾಗೆ ಉಸುರು ಕಾಣ್ತದಾ?" ಎಂದರು ಅವರು, ತುಟಿ ಅಲ್ಲಾಡಿಸದೆ.

ಸುನಿತಾ ಸಮಾಧಾನದಲ್ಲಿ ಹೇಳಿದಳು, ಟೀಚರ್ ದನಿಯಲ್ಲಿ ಗದರಿದಳು, ನಗಿಸಲು ನೋಡಿದಳು. ಅವರು ಒಂದು ಸಲ ನಕ್ಕರು. ಹಲ್ಲು ನೋವಿನವರಂತೆ ಕಾಣಿಸಿದರು. ಶಶಿಕಾಂತ್ ಪರದೆಯನ್ನು ಅವಳಿಗೆ ತೋರಿಸಿ ಮೆಲ್ಲಗೆ, "ಈಗ್ಲೇ ಹಾರ ಹಾಕಿರೋ ಹಂಗಿದೆ" ಎಂದ.

ಎಂಟೂವರೆ ಆಯಿತು. ಸುನಿತಾ ಒಂದು ಕ್ಷಣ ಯೋಚಿಸಿ, ಯಾರಿಗೂ ಹೇಳದೆ ಗೇಟಿನ ಹತ್ತಿರ ಹೋದಳು. ಕಾವಲುಗಾರನಿಂದ ರಾಮಪ್ರಸಾದರ ಮನೆಗೆ ಫೋನ್ ಮಾಡಿಸಿ, "ಸಾರ್, ನಿಮ್ಮ ಜಾಗದಲ್ಲಿ ಕೂತಿರೋರು ಇನ್ನು ಏಳಲ್ಲ ಅಂತಿದಾರೆ" ಎಂದು ಹೇಳಿ ಇಟ್ಟಳು. ವಾಪಸ್ಸು ಬಂದು ಗಂಡನಿಗೆ, "ಕ್ಯಾಮೆರಾದಿಂದ ಕಣ್ಣು ತೆಗೀಬೇಡಿ" ಎಂದಷ್ಟೇ ಹೇಳಿದಳು.

ಮೂರು ನಿಮಿಷದಲ್ಲಿ ರಾಮಪ್ರಸಾದರು ಬರ್ಮುಡಾ ಚಡ್ಡಿಯಲ್ಲಿ, ಕಾರಿನ ಕೀಲಿ ಹಿಡಿದು ದಡದಡ ಇಳಿದು ಬಂದರು.

"ಏನ್ ಸಾರ್ ಇದು? ಒಂದು ಗಂಟೆ ಅಂತ ಹೇಳಿದ್ದು. ಇದು ನನ್ನ ಜಾಗ, ಕ್ರಯಪತ್ರದಲ್ಲೇ ಇದೆ."

ಚಿಕ್ಕಬೈರಪ್ಪನವರ ಕುತ್ತಿಗೆ ಮೊಟ್ಟಮೊದಲ ಬಾರಿಗೆ ತಿರುಗಿತು.

"ನಿಮ್ದಾ? ಇಲ್ಲಿ ಏನ್ ಇಡ್ತೀರಿ ನೀವು?"

"ಕಾರು!"

"ಒಂದು ಕಾರಿಗೆ ಇಷ್ಟು ಮಾತಾ? ಇದೇ ಜಾಗದಾಗೆ ಅರವತ್ತು ಪಲ್ಲ ರಾಗಿ ರಾಶಿ ಹಾಕ್ತಿದ್ದೋ ನಾವು! ಜಾಗ ಯಾಕೆ ಅಂತ ಒಬ್ರೂ ಕೇಳ್ತಿರ್ಲಿಲ್ಲ." ಅವರು ಎದ್ದು ನಿಂತಿದ್ದರು. "ಕಣ ಮೇಲಿತ್ತು, ನಾವೀಗ ಅದರ ಕೆಳಗಡೆ ಇದ್ದೀವಿ. ಅಗೋ, ಆ ನೀರಿನ ಪೈಪ್ ಅದೆಯಲ್ಲ, ಸರ್ಯಾಗಿ ಅಲ್ಲೇ ಮೇಟಿಕಂಬ ನೆಟ್ಟಿದ್ದು. ಅದರ ಸುತ್ತ ನಾಕು ಜೊತೆ ಎತ್ತು ತಿರುಗ್ತಿದ್ವು. ಗೊತ್ತಾ ನಿಮಗೆ?"

ರಾಮಪ್ರಸಾದರು ತಲೆ ಎತ್ತಿ ಪೈಪನ್ನು ನೋಡಿದರು. ಅವರ ಸಿಟ್ಟು ಎಲ್ಲಿ ಇಳಿಯಿತೋ, "ನಾಲ್ಕು ಜೊತೇನಾ?" ಎಂದು ಕೇಳಿದರು. ಮುಂದಿನ ಇಪ್ಪತ್ತು ನಿಮಿಷ ಚಿಕ್ಕಬೈರಪ್ಪ ಆ ಬೇಸ್‌ಮೆಂಟಿನ ತುಂಬಾ ಓಡಾಡಿ ಯಾವ ಕಾರಿನ ಜಾಗದಲ್ಲಿ ಹುಲ್ಲಿನ ಬಣವೆ, ಯಾವ ಜಾಗದಲ್ಲಿ ತಾವು ಮಲಗಿ ಕಾವಲು ಕಾಯುತ್ತಿದ್ದದ್ದು ಎಂದು ತೋರಿಸಿದರು. ರಾಮಪ್ರಸಾದರು ಬೆಳಕಿನ ಹಲಗೆ ಹಿಡಿದುಕೊಂಡು ಅವರ ಹಿಂದೆ ಹಿಂದೆ ನಡೆದರು. ಶಶಿಕಾಂತ್ ಒತ್ತುತ್ತಲೇ ಇದ್ದ.

ಅದರಲ್ಲಿ ಒಂದು ಫೋಟೋ ಆಯ್ದರು. ಪೇಟ ಕೊಂಚ ವಾಲಿದೆ, ಕಣ್ಣುಗಳು ಹೊಳೆಯುತ್ತಿವೆ, ಬಲಗೈ ಮೇಲೆತ್ತಿ ಬೆರಳು ತೋರಿಸುತ್ತಾ ಬಾಯಿ ತೆರೆದು ಏನೋ ಹೇಳುತ್ತಿದ್ದಾರೆ. ಹಿಂದಿನ ಕಂಬ ಕತ್ತಲಲ್ಲಿ ಮರದ ಬೊಡ್ಡೆಯಂತೆ ಕಾಣುತ್ತದೆ. ಶಶಿಕಾಂತನಿಗೆ ಅದು ತಾನು ತೆಗೆದ ಅತ್ಯುತ್ತಮ ಚಿತ್ರ ಅನ್ನಿಸಿತು. ದೊಡ್ಡದಾಗಿ ಕಟ್ಟು ಹಾಕಿಸಿ ತೆಗೆದುಕೊಂಡು ಹೋದಾಗ ಬೈರಮ್ಮ ಬಹಳ ಹೊತ್ತು ನೋಡಿದರು.

"ಸತ್ತೋರ ಫೋಟೋದಾಗೆ ಮೇಲಕ್ಕೆ ಕೈ ತೋರಿಸ್ತಾವ್ರಲ್ಲ. ದಾರಿ ಈಗ್ಲೇ ಗೊತ್ತಾಗೋಯ್ತಾ?"

ಚಿಕ್ಕಬೈರಪ್ಪನವರಿಗೆ ಮಾತ್ರ ಫೋಟೋ ಬಹಳ ಹಿಡಿಸಿತ್ತು. ವಿಡಿಯೋಗೆ ಮುಂದಿನ ಭಾನುವಾರ ಎಂದು ನಿಗದಿಯಾಯಿತು.

ಆ ದಿನ ಜಗಲಿಯ ಮೇಲೆ ಕೂತು ಅವರು ಜೇಬಿನಿಂದ ಒಂದು ಕಾಗದ ತೆಗೆದು ಗಟ್ಟಿಯಾಗಿ ಓದಿದರು. "ಎಲ್ಲರಿಗೂ ನಮಸ್ಕಾರ. ನಾನು ಹೋಗಿದ್ದೇನೆ."

"ಒಂದ್ನಿಮಿಷ ಯಜಮಾನ್ರೇ" ಎಂದಳು ಸುನಿತಾ. "ಹೋಗಿದ್ದೇನೆ ಅಂದ್ರೆ ಅಂಗಡಿಗೆ ಹೋಗಿದ್ದೀರಿ ಅನ್ನೋ ಥರ ಕೇಳ್ಸತ್ತೆ."

"ಮತ್ತೇನ್ ಅನ್ಲಿ? ಸತ್ತೋಗಿದ್ದೇನೆ ಅಂದ್ರೆ ಊಟ ಸೇರ್ತದಾ ಜನಕ್ಕೆ?"

ಆ ಸಾಲನ್ನು ಬಿಟ್ಟರು. ಊಟದಲ್ಲಿ ಮುದ್ದೆ ಇರಲೇಬೇಕು, ಬಾಡಿಗೆಗೆ ಇರುವವರನ್ನೂ ಪಂಕ್ತಿಯಲ್ಲಿ ಕೂರಿಸಬೇಕು, ಯಾರೂ ಸುಮ್ಮಸುಮ್ಮನೆ ಅತ್ತಂತೆ ಮಾಡಬಾರದು ಎಂದೆಲ್ಲ ಓದಿದ ಮೇಲೆ ಅವರ ದನಿ ಏರಿತು. "ಕೊನೇದಾಗಿ, ಹೊಸಕೆರೆಹಳ್ಳಿ ಪಿಳ್ಳಪ್ಪ ಬಂದಿದ್ರೆ ಮುಂದಕ್ಕೆ ಬರ್ಲಿ. ಪಿಳ್ಳಪ್ಪ, ಕೇಳ್ಕೋ. ನಮ್ಮ ರಮ್ಯನ ಬೀಗರೂಟದ ಸಾರಿಗೆ ಉಪ್ಪು ಇತ್ತು. ಇಲ್ಲಿಗೆ ಮುಗೀತು. ನಮಸ್ಕಾರ."

ಸುನಿತಾ ಗಂಡನ ಮುಖ ನೋಡಿದಳು. ಮೆಲ್ಲಗೆ ವಿಚಾರಿಸಿದಾಗ ವಿಷಯ ಹೊರಬಿತ್ತು. ಪಿಳ್ಳಪ್ಪ ಚಿಕ್ಕಬೈರಪ್ಪನವರ ಬಾಲ್ಯದ ಗೆಳೆಯ. ಹರೆಯದಲ್ಲಿ ಒಂದೇ ಜೊತೆ ಎತ್ತನ್ನು ಇಬ್ಬರೂ ಸರದಿಯಲ್ಲಿ ಹೂಡುತ್ತಿದ್ದವರು. ಹನ್ನೊಂದು ವರ್ಷದ ಹಿಂದೆ ಮಗಳು ರಮ್ಯಳ ಮದುವೆಯ ಬೀಗರೂಟದಲ್ಲಿ, ಮೊದಲ ಪಂಕ್ತಿಯಲ್ಲೇ ಕೂತಿದ್ದ ಪಿಳ್ಳಪ್ಪ ಎಲ್ಲರೆದುರು, "ಏನ್ಲಾ ಬೈರ, ಸಾರಿಗೆ ಉಪ್ಪೇ ಇಲ್ಲ" ಎಂದಿದ್ದರು. ಬೀಗರ ಮುಂದೆ ಮಾನ ಹೋಯಿತೆಂದು ಚಿಕ್ಕಬೈರಪ್ಪ, ತಾವೇ ಉಂಡು ನೋಡಿ ಉಪ್ಪಿದೆ ಎಂದು ಸಾಧಿಸಿದ್ದರು. ಅಂದಿನಿಂದ ಮಾತಿಲ್ಲ, ಹೋಗಿ ಬರುವುದೂ ಇಲ್ಲ. ಮಾಂಸದ ಸಾರಿನ ರುಚಿಯೇ ಗೊತ್ತಿಲ್ಲದ ಶಶಿಕಾಂತ್ ಮತ್ತು ಸುನಿತಾ ಈ ವ್ಯಾಜ್ಯವನ್ನು ಗಂಭೀರವಾಗಿ ಕೇಳಿಸಿಕೊಂಡರು.

"ಈಗ ಹೇಳಿದ್ರೆ ಎದುರು ಮಾತಾಡ್ತಾನೆ" ಎಂದರು ಚಿಕ್ಕಬೈರಪ್ಪ. "ಆಗ ಹೇಳಿದ್ರೆ ಏನ್ ಮಾಡ್ತಾನೆ?"

ಸುನಿತಾ ಕೇಳಿದಳು: "ಅವರೇ ನಿಮಗಿಂತ ಮುಂಚೆ ಹೋಗ್ಬಿಟ್ರೆ?"

ಕಾಗದ ಮಡಿಸುತ್ತಿದ್ದ ಕೈ ನಿಂತಿತು. ಈ ಸಾಧ್ಯತೆಯನ್ನು ಅವರು ಯೋಚಿಸಿಯೇ ಇರಲಿಲ್ಲ. ಆಮೇಲೆ ಅವರು ಮಗನನ್ನು ಕರೆದು, "ಕೆಂಪ, ಕಾರ್ ತೆಗಿ" ಎಂದರು. ಅಡುಗೆಮನೆಯಿಂದ ಬೈರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, "ನಾನೂ ಬತ್ತೀನಿ" ಎಂದರು. ಅವರ ಮುಖ ಯಾಕೋ ಸಪ್ಪಗಿತ್ತು.

ಕಾರಿನ ಹಿಂದೆ ಸುನಿತಾ, ಶಶಿಕಾಂತ್ ಸ್ಕೂಟರಿನಲ್ಲಿ ಹೊರಟರು. ಹೊಸಕೆರೆಹಳ್ಳಿಯಲ್ಲಿ ಪಿಳ್ಳಪ್ಪನವರ ಬೀದಿ ತಲುಪಿದಾಗ ಹನ್ನೊಂದು ಗಂಟೆ. ಚಿಕ್ಕಬೈರಪ್ಪ ಕಾರಿನಿಂದ ಇಳಿಯಲೊಲ್ಲರು. ಮೊದಲು ತಾವು ಹೋಗಿ ಹದ ಮಾಡುವುದಾಗಿ ಹೇಳಿ ಸುನಿತಾ, ಕ್ಯಾಮೆರಾ ಹಿಡಿದ ಶಶಿಕಾಂತನ ಜೊತೆ ಗೇಟು ತೆರೆದಳು. ಪಿಳ್ಳಪ್ಪನವರು ಅಂಗಳದಲ್ಲಿ ಬನಿಯನ್ನಿನಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಸಣ್ಣ ಮೈಕಟ್ಟಿನ, ಕಿವಿಯ ಮೇಲೆ ಕೂದಲಿದ್ದ ಮುದುಕ.

"ಜರಗನಹಳ್ಳಿ ಚಿಕ್ಕಬೈರಪ್ಪನವರ ಮನೆಯಿಂದ ಬಂದಿದೀವಿ" ಎಂದಳು ಸುನಿತಾ. "ಅವರ ನೆನಪಿಗೆ ಅಂತ ಒಂದು ವಿಡಿಯೋ ಮಾಡ್ತಿದೀವಿ. ನೀವು ಎರಡು ಮಾತು ಹೇಳ್ಬೇಕಿತ್ತು."

ನೆನಪಿಗೆ ಎಂಬ ಮಾತು ಬಾಯಿ ಜಾರಿ ಬಂದದ್ದು. ಪಿಳ್ಳಪ್ಪನವರ ಕೈಯಿಂದ ಅವರೆಕಾಯಿ ಕೆಳಗೆ ಬಿತ್ತು.

"ಬೈರ ಹೋದ್ನಾ?"

ಸುನಿತಾ ಅಲ್ಲೇ ತಿದ್ದಬೇಕಿತ್ತು. ತಿದ್ದಲಿಲ್ಲ. ಆ ಮುಖದಲ್ಲಿ ಬರುತ್ತಿದ್ದುದನ್ನು ನೋಡಿ ಅವಳ ನಾಲಿಗೆ ನಿಂತಿತು. ಅದು ಎಷ್ಟು ಒಳ್ಳೆಯ ಚಿತ್ರವಾಗುತ್ತದೆಂದು ಅವಳಿಗೆ ಗೊತ್ತಿತ್ತು. ಪಿಳ್ಳಪ್ಪ ಎದ್ದರು, ಅಂಗಿಗಾಗಿ ಸುತ್ತ ನೋಡಿದರು, ಅದು ತಂತಿಯ ಮೇಲೆ ಇದ್ದರೂ ಕಾಣದೆ ಮತ್ತೆ ಕೂತರು.

"ಥೂ, ನಾನೇ ಹೋಗಿ ಮಾತಾಡ್ಸ್‌ಬೇಕಿತ್ತು. ಹನ್ನೊಂದು ವರ್ಷ ಕಣವ್ವ, ಒಂದ್ ಉಪ್ಪಿಗೆ. ಇತ್ತು ಅಂದಿದ್ರೆ ನನ್ ಗಂಟೇನ್ ಹೋಗ್ತಿತ್ತು?" ಕಣ್ಣೊರೆಸಿಕೊಳ್ಳಲು ಕೈ ಎತ್ತಿದರು.

"ಸುನಿತಾ" ಎಂದ ಶಶಿಕಾಂತ್, ಅವಳು ಎಂದೂ ಕೇಳದಷ್ಟು ಜೋರಾಗಿ. "ಬ್ಯಾಟರಿ ಚೆಕ್ ಮಾಡ್ಬೇಕು. ಈಗ್ಲೇ."

ಅವಳು ಎಚ್ಚೆತ್ತವಳಂತೆ, "ಅಯ್ಯೋ ಇಲ್ಲ ಯಜಮಾನ್ರೇ, ಅವರು ಹೋಗಿಲ್ಲ, ಚೆನ್ನಾಗಿದಾರೆ, ಇಲ್ಲೇ ಆಚೆ ಕಾರಲ್ಲಿ ಕೂತಿದಾರೆ" ಎಂದು ಒಂದೇ ಉಸಿರಿಗೆ ಹೇಳಿದಳು. ಹೇಳುವುದರೊಳಗೆ ಗೇಟಿನಲ್ಲಿ ಚಿಕ್ಕಬೈರಪ್ಪ ನಿಂತಿದ್ದರು. ಕಾರಿನ ಕಿಟಕಿ ತೆರೆದಿದ್ದರಿಂದ ಅವರಿಗೆ ಎಲ್ಲವೂ ಕೇಳಿಸಿತ್ತು.

"ಈಗ ಆಡು ಮಾತು" ಎಂದರು. ದನಿ ಗಡಸಾಗಿರಬೇಕೆಂದು ಅವರ ಆಸೆ. ಹಾಗಾಗಲಿಲ್ಲ.

ಪಿಳ್ಳಪ್ಪ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಆಮೇಲೆ ಸೊಂಟಕ್ಕೆ ಕೈ ಇಟ್ಟು ಹೇಳಿದರು: "ನೀನು ಬದುಕಿದ್ರೆ ಉಪ್ಪು ಇರ್ಲಿಲ್ಲ!"

"ಇತ್ತು!"

"ಇರ್ಲಿಲ್ಲ ಕಣ್ಲಾ! ಪಕ್ಕದೋರ ಎಲೆಯಿಂದ ಉಪ್ಪು ತಗೊಂಡು ಕಲಸ್ಕೊಂಡೆ ನಾನು!"

"ಕೊನೇ ಪಂಕ್ತೀಲಿ ಕೂತು ಉಂಡಿದೀನಿ, ನನಗ್ ಗೊತ್ತಿಲ್ವಾ?"

ಇಬ್ಬರೂ ಅಂಗಳದ ನಡುವೆ ನಿಂತು ಕೂಗಾಡುತ್ತಿದ್ದರೆ ಅಕ್ಕಪಕ್ಕದ ಮಹಡಿಗಳಲ್ಲಿ ಜನ ಸೇರಿದರು. ಆಗ ಬೈರಮ್ಮ ಮುಂದೆ ಬಂದು, "ಸುಮ್ಕಿರಿ ಇಬ್ರೂ!" ಎಂದರು. ಸುಮ್ಮನಾದರು.

"ಇಬ್ರೂ ಸರಿ. ತಪ್ಪು ನಂದು. ಉಪ್ಪು ನಾನೇ ಹಾಕ್ತೀನಿ ಅಂತ ಅಡುಗೆಯವ್ನಿಗೆ ಹೇಳಿದ್ದೆ. ಅಷ್ಟರಾಗೆ ಬೀಗಿತ್ತಿ ಬಳೆ ತೋರ್ಸಕ್ಕೆ ಕರೆದ್ಳು, ಮರ್ತೋಯ್ತು. ಮೊದಲ್ನೇ ಪಂಕ್ತಿಗೆ ಉಪ್ಪಿಲ್ದೇ ಹೋಯ್ತು. ಆಮೇಲೆ ನೆಪ್ಪಾಗಿ ಓಡೋಗಿ ಹಾಕ್ದೆ."

ಇಬ್ಬರು ಮುದುಕರೂ ಅವರನ್ನೇ ನೋಡುತ್ತಾ ನಿಂತರು.

"ಹನ್ನೊಂದು ವರ್ಷ ಯಾಕ್ ಹೇಳ್ಲಿಲ್ಲ?" ಎಂದು ಚಿಕ್ಕಬೈರಪ್ಪ ಕೇಳಿದರು.

"ಮೊದ್ಲು ಹೆದ್ರಿಕೆ. ಆಮೇಲೆ ನೀವು ಎಲ್ರ ಹತ್ರಾನೂ ಅಷ್ಟು ಗಟ್ಟಿಯಾಗಿ ಉಪ್ಪಿತ್ತು ಇತ್ತು ಅಂತ ಹೇಳ್ತಿದ್ರಾ, ನನಗೇ ಅನುಮಾನ ಬಂತು."

ಮೊದಲು ನಕ್ಕದ್ದು ಪಿಳ್ಳಪ್ಪ. ನಗುತ್ತಾ ನಗುತ್ತಾ ಕೆಮ್ಮು ಬಂತು, ಚಿಕ್ಕಬೈರಪ್ಪ ಅವರ ಬೆನ್ನಿಗೆ ಎರಡು ಗುದ್ದಿದರು, ಅವಶ್ಯಕತೆಗಿಂತ ತುಸು ಜೋರಾಗಿಯೇ. ಬೈರಮ್ಮ ಕೆಳಗೆ ಕೂತು ಚೆಲ್ಲಿದ ಅವರೆಕಾಯಿ ಆಯತೊಡಗಿದರು. ಮಧ್ಯಾಹ್ನ ಎಲ್ಲರೂ ಅಲ್ಲೇ ಉಂಡರು. ಅವರೆಕಾಳಿನ ಹುಳಿಯಾದ್ದರಿಂದ ಫೋಟೋದವರಿಗೂ ತೊಂದರೆಯಾಗಲಿಲ್ಲ. ಉಪ್ಪು ಸರಿಯಾಗಿದೆಯೇ ಎಂದು ಬಡಿಸುವವರು ಯಾರೂ ಕೇಳಲಿಲ್ಲ.

ವಾಪಸ್ಸು ಬರುವಾಗ ಸುನಿತಾ ಸ್ಕೂಟರಿನ ಹಿಂದೆ ಕ್ಯಾಮೆರಾ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಕದಿರೇನಹಳ್ಳಿಯ ಸಿಗ್ನಲ್ಲಿನಲ್ಲಿ ಶಶಿಕಾಂತ್ ಹೇಳಿದ: "ಅಷ್ಟು ಹೊತ್ತು ಸುಮ್ನೆ ಇರ್ಬಾರ್ದಿತ್ತು ನೀನು."

"ಗೊತ್ತು." ಸಿಗ್ನಲ್ ಹಸಿರಾಯಿತು. "ನೀವು ಅದನ್ನ ತೆಗೆದ್ರಾ?"

"ಹೂಂ. ನಂದೂ ತಪ್ಪೇ. ಕೈ ನಿಲ್ಲಿಸ್ಲಿಲ್ಲ."

ಎರಡು ದಿನ ಅವಳಿಗೆ ಆ ಮುಖವೇ ಕಣ್ಣ ಮುಂದೆ ಬರುತ್ತಿತ್ತು. ರಾಮಪ್ರಸಾದರಿಗೆ ಹೇಳಿದ ಸುಳ್ಳು ತಮಾಷೆಯ ಸುಳ್ಳು. ಇದು ಹಾಗಲ್ಲ. ಒಬ್ಬ ಮುದುಕ ಗೆಳೆಯನನ್ನು ಕಳೆದುಕೊಂಡೆನೆಂದು ನಂಬಿದ್ದ ಆ ಏಳೆಂಟು ಕ್ಷಣಗಳನ್ನು ಅವಳು ಬೇಕೆಂದೇ ಉದ್ದ ಮಾಡಿದ್ದಳು. ಮೂರನೇ ದಿನ ಲ್ಯಾಪ್‌ಟಾಪ್ ಹಿಡಿದು ಒಬ್ಬಳೇ ಹೊಸಕೆರೆಹಳ್ಳಿಗೆ ಹೋದಳು. ಪಿಳ್ಳಪ್ಪನವರಿಗೆ ಎಲ್ಲವನ್ನೂ ತೋರಿಸಿ, "ತಪ್ಪಾಯ್ತು, ನಿಮ್ಮೆದುರೇ ಅಳಿಸ್ಬಿಡ್ತೀನಿ" ಎಂದಳು. ಅವರು ತಾವು ಅಳುವುದನ್ನು ಎರಡು ಸಲ ಹಾಕಿಸಿ ನೋಡಿದರು.

"ಅಳಿಸ್ಬ್ಯಾಡ. ಬೈರಂಗೆ ಇದೊಂದ್ನ ಕಳ್ಸು. ಎತ್ತಿನ ಸರದಿಗೆ ಜಗಳ ಬಂದಾಗ್ಲೆಲ್ಲ ನಾನು ಸತ್ರೆ ನೀನು ಅಳಲ್ಲ ಅಂತಿದ್ದ, ಸೂಳೆಮಗ. ನೋಡ್ಲಿ." ಸ್ವಲ್ಪ ತಡೆದು, "ಆದ್ರೆ ಇನ್ನೊಬ್ರಿಗೆ ಹಿಂಗ್ ಮಾಡ್ಬ್ಯಾಡ ಕಣವ್ವ. ಎದೆ ನಿಂತೋಗಿದ್ರೆ?" ಎಂದರು.

ಸುನಿತಾ ಮಾಡುವುದಿಲ್ಲ ಎಂದಳು. ಆಮೇಲೆ ಮಾಡಿಲ್ಲ ಕೂಡ.

ಎರಡು ನಿಮಿಷದ ವಿಡಿಯೋ ಹದಿನಾರು ನಿಮಿಷದ ಚಿತ್ರವಾಯಿತು. ಹನ್ನೊಂದನೇ ದಿನದವರೆಗೆ ಕಾಯಲು ಚಿಕ್ಕಬೈರಪ್ಪನವರಿಗೆ ತಾಳ್ಮೆ ಇರಲಿಲ್ಲ. ಯುಗಾದಿ ಕಳೆದ ಭಾನುವಾರ ಮನೆಯ ಮಹಡಿಯ ಮೇಲೆ ಶಾಮಿಯಾನ ಹಾಕಿಸಿ, ಬಾಡಿಗೆಯವರನ್ನೆಲ್ಲ ಕರೆದು, ದೊಡ್ಡ ಪರದೆಯಲ್ಲಿ ಹಾಕಿಸಿದರು. ಮುಂದಿನ ಸಾಲಿನಲ್ಲಿ ಪಿಳ್ಳಪ್ಪ, ಅವರ ಪಕ್ಕದಲ್ಲಿ ರಾಮಪ್ರಸಾದರು, ಕೊನೆಯ ಸಾಲಿನಲ್ಲಿ ಕಮಲಾದೇವಿ. ಚಿತ್ರದ ಶುರುವಿನಲ್ಲಿ ನಿರ್ದೇಶನ ಎಂದು ಸೊಸೆಯ ಹೆಸರು ಬಂದಾಗ ಅವರು ಕನ್ನಡಕ ಸರಿಮಾಡಿಕೊಂಡರು. ಪಕ್ಕದವರಿಗೆ, "ನಮ್ಮ ಸೊಸೆ" ಎಂದರು. ಮಗನ ಬಗ್ಗೆ ಕೇಳಿದ್ದಕ್ಕೆ, "ಅವನು ಜೊತೆಗೆ ಹೋಗಿ ಬರ್ತಾನೆ" ಎಂದರಂತೆ.

ಅದಾದ ಮೇಲೆ ಹಳೆಯ ಹಳ್ಳಿಗಳಿಂದ ಇಂಥ ಫೋಟೋಗಳಿಗೆ ಕರೆ ಬರತೊಡಗಿತು. ಹೋಗುವ ಮುನ್ನ ತಮ್ಮ ಮುಖವನ್ನು ತಾವೇ ಆರಿಸಿಕೊಳ್ಳಬೇಕೆಂಬ ಯಜಮಾನರು ಅಷ್ಟು ಜನ ಇದ್ದಾರೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಕಮಲಾದೇವಿ ಈಗ ವಿಭೂತಿಯ ಒಂದು ಪೊಟ್ಟಣವನ್ನು ಕ್ಯಾಮೆರಾ ಚೀಲದಲ್ಲೇ ಇಟ್ಟಿರುತ್ತಾರೆ.

ಆಷಾಢದ ಒಂದು ಮಧ್ಯಾಹ್ನ ಬೈರಮ್ಮ ಒಬ್ಬರೇ ಸ್ಟುಡಿಯೋದ ಮೆಟ್ಟಿಲು ಹತ್ತಿ ಬಂದರು. ಹೊಸ ಸೀರೆ, ಮುಡಿಯಲ್ಲಿ ಕನಕಾಂಬರ. ಸುನಿತಾ ಅವರನ್ನು ಕೂರಿಸಿ, ದನಿ ತಗ್ಗಿಸಿ, "ನಿಮಗೂ ಅಂಥದೇ ಫೋಟೋನಾ ಅಮ್ಮ?" ಎಂದು ಕೇಳಿದಳು.

"ನಂಗ್ಯಾಕವ್ವ ಅದು? ನಾನ್ ಹೋದ್ಮೇಲೆ ಆ ಮನುಷ್ಯ ಫೋಟೋ ಮುಂದೆ ಕೂತ್ಕೊಂಡು ಜಗಳ ಆಡ್ತಾನೆ. ಸತ್ಮೇಲಾದ್ರೂ ನೆಮ್ಮದಿ ಬ್ಯಾಡ್ವಾ?" ಚೀಲದಿಂದ ಒಂದು ಕಾಗದ ತೆಗೆದು ಕೊಟ್ಟರು. "ನಮ್ಮ ಸಂಘದ ಹೆಂಗಸ್ರೆಲ್ಲ ಸಿಂಗಾಪುರಕ್ಕೆ ಹೋಯ್ತಿದೀವಿ. ವೀಸಾಕ್ಕೆ ಫೋಟೋ ಬೇಕಂತೆ. ನಗಬಾರ್ದಂತೆ, ಹಲ್ಲು ಕಾಣಬಾರ್ದಂತೆ."

ಬಿಳಿ ಪರದೆಯ ಮುಂದೆ ಅವರನ್ನು ಕೂರಿಸಿದರು. ಶಶಿಕಾಂತ್ ಕ್ಯಾಮೆರಾ ಹಿಡಿದ. ಸುನಿತಾ, "ಅಮ್ಮ, ಈಗ ನಗಬೇಡಿ" ಎಂದಳು. ಅಷ್ಟು ಹೇಳಿದ್ದೇ ತಡ, ಬೈರಮ್ಮನವರಿಗೆ ಬಾಯಿಗೆ ಸೆರಗು ಅಡ್ಡ ಹಿಡಿಯುವಷ್ಟು ನಗು ಬಂತು. ಅವರು ಸುಧಾರಿಸಿಕೊಂಡರೆ ಸುನಿತಾಳಿಗೆ ಬರುತ್ತಿತ್ತು. ಅವಳನ್ನು ಆಚೆ ಕಳಿಸಿದರೆ ಬಾಗಿಲ ಹಿಂದಿನಿಂದ ಅವಳ ನಗು ಕೇಳಿ ಮತ್ತೆ ಬೈರಮ್ಮ ಶುರುಮಾಡುತ್ತಿದ್ದರು. ಆ ಒಂದು ಚಿಕ್ಕ ಫೋಟೋಗೆ ನಲವತ್ತು ನಿಮಿಷ ಹಿಡಿಯಿತು.